ಬಾಲಾನಗರದ ಬಾಡಿಗೆ ಲೇಥು

ಹೈದರಾಬಾದಿಗೆ ಹೋಗಿ ಚಾರ್ಮಿನಾರ್ ನೋಡದೆ ಬಂದವರು ನಮ್ಮ ಹುಬ್ಬಳ್ಳಿಯಲ್ಲಿ ನಾನೊಬ್ಬಳೇ ಇರಬೇಕು. ಮರೆತು ಬಂದದ್ದಲ್ಲ, ಪುರಸೊತ್ತಿಲ್ಲದೆ ಬಂದದ್ದೂ ಅಲ್ಲ. ನೋಡುವುದಿಲ್ಲ ಎಂದು ಹಟ ಹಿಡಿದು, ಕರೆದೊಯ್ಯುತ್ತಿದ್ದ ಕಾರನ್ನು ಗೇಟಿನಲ್ಲೇ ನಿಲ್ಲಿಸಿ, ಬಾಗಿಲು ಧಡಾರನೆ ಹಾಕಿ ಇಳಿದವಳು. ಊರಿಗೆ ಮರಳಿದ ಮೇಲೆ ಬಿರ್ಯಾನಿ ಹೇಗಿತ್ತು ಎಂದು ಕೇಳಿದರು, ಮುತ್ತಿನ ಸರ ತಂದಿರಾ ಎಂದು ಕೇಳಿದರು. ಹೋದ ಕೆಲಸ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಹೇಳದಿದ್ದರೆ ಹೊಟ್ಟೆಯೊಳಗಿನ ಬೆಂಕಿ ಆರುವುದಿಲ್ಲ.

ನಾನು ಸರ್ಕಾರಿ ಐಟಿಐಯಲ್ಲಿ ಟರ್ನರ್ ವಿಭಾಗದ ಬೋಧಕಿ. ಟರ್ನರ್ ಎಂದರೆ ಲೇಥ್ ಯಂತ್ರದಲ್ಲಿ ಕಬ್ಬಿಣದ ರಾಡು ಕಚ್ಚಿಸಿ, ತಿರುಗಿಸಿ, ಕೂದಲೆಳೆಯಷ್ಟೂ ತಪ್ಪದಂತೆ ಅಳತೆಗೆ ತರುವವರು. ಖಾಸಗಿ ತರಬೇತಿ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಮುಂಚೆ ಅಲ್ಲಿ ನಿಜಕ್ಕೂ ಕಲಿಸುತ್ತಾರೋ ಇಲ್ಲವೋ ನೋಡಿ ಬರಲು ಒಂದು ತಂಡ ಹೋಗುತ್ತದೆ. ಅದಕ್ಕೆ 'ಗುಣಮಟ್ಟ ಖಾತ್ರಿ ತಂಡ' ಎಂದು ದೊಡ್ಡ ಹೆಸರು. ಗುರುತು ಪರಿಚಯದ ಕಾಟ ಇರಬಾರದೆಂದು ಹೊರರಾಜ್ಯದವರನ್ನು ಹಾಕುತ್ತಾರೆ. ಹಾಗೆ ನನಗೆ ಬಂದದ್ದು ಹೈದರಾಬಾದಿನ ಬಾಲಾನಗರದಲ್ಲಿ ಹೆಣ್ಣುಮಕ್ಕಳಿಗಾಗಿಯೇ ನಡೆಸುವ ಒಂದು ಸಂಸ್ಥೆ. ನಾವು ಒಪ್ಪಿ ಸಹಿ ಹಾಕಿದರೆ ಈ ಸಲದ ಹುಡುಗಿಯರಿಗೆ ಸರ್ಟಿಫಿಕೇಟು. ಹಾಕದಿದ್ದರೆ ಅವರ ವರ್ಷ ನೀರುಪಾಲು.

ತಾರ್ನಾಕ

ಪ್ರಯಾಣದ ಮೊದಲ ಎಡವಟ್ಟು ನನ್ನದೇ. ಸಿಕಂದರಾಬಾದಿನಲ್ಲಿ ಇಳಿಯಬೇಕಾದವಳು ನಿದ್ದೆಗಣ್ಣಿನಲ್ಲಿ ಬೇಗಂಪೇಟೆಯಲ್ಲೇ ಇಳಿದುಬಿಟ್ಟೆ. ಅತ್ತ ಸಿಕಂದರಾಬಾದಿನ ಪ್ಲಾಟ್‌ಫಾರ್ಮಿನಲ್ಲಿ ಸಂಸ್ಥೆಯವರು ಹಾರ ಹಿಡಿದು ನಿಂತಿದ್ದರಂತೆ. ನಾನು ಸಿಗದೆ, ಅದೇ ರೈಲಿನಿಂದ ಇಳಿದ ಯಾರೋ ಟೀಚರಮ್ಮನಂಥ ಹೆಂಗಸಿಗೆ ಹಾಕಲು ಹೋಗಿ ಬೈಸಿಕೊಂಡರೆಂದು ಆಮೇಲೆ ತಿಳಿಯಿತು. ಆ ಹೆಂಗಸು ಯಾರೋ ಏನೋ, ಅವರಿಗೆ ನನ್ನದೊಂದು ನಮಸ್ಕಾರ.

ಹೋಟೆಲ್ ರೂಮು ಮಾಡಿದ್ದೇವೆ ಎಂದು ಫೋನಿನ ಮೇಲೆ ಫೋನು. ಬೇಡ ಎಂದೆ. ಪರೀಕ್ಷೆ ಮಾಡಲು ಹೋದವಳು ಪರೀಕ್ಷೆ ಕೊಡುವವರ ಹಾಸಿಗೆಯಲ್ಲಿ ಮಲಗಬಾರದು. ತಾರ್ನಾಕದಲ್ಲಿ ನನ್ನ ದೊಡ್ಡಮ್ಮನ ಮಗಳು ಸುಮಂಗಲಕ್ಕ ಇದ್ದಾಳೆ. ಲಗ್ನವಾಗಿ ಬಂದವಳು ಅಲ್ಲಿಯವಳೇ ಆಗಿಹೋಗಿದ್ದಾಳೆ. ಮನೆಯೊಳಗೆ ನಮ್ಮ ಕನ್ನಡ, ಬಾಗಿಲಿಗೆ ಬಂದ ತರಕಾರಿಯವಳ ಜೊತೆ ತೆಲುಗು, ಮೆಟ್ಟಿಲಿಳಿದು ವಾಚ್‌ಮನ್ ಜೊತೆ ಹಿಂದಿ. ಒಂದೇ ಉಸಿರಿನಲ್ಲಿ ಮೂರು ಭಾಷೆಯಲ್ಲಿ ಜಗಳ ಆಡುವ ಅವಳ ತಾಕತ್ತು ನನಗಿಲ್ಲ. ನನಗೆ ಜಗಳ ಬರುತ್ತದೆ, ಭಾಷೆ ಬರುವುದಿಲ್ಲ.

"ಏನವ್ವಾ, ಬಂದ ಕೂಡ್ಲೆ ಮಾರಿ ಗಂಟ ಹಾಕೀದಿ? ಮೊದಲ ರೊಟ್ಟಿ ತಿನ್ನು. ಈ ಊರಾಗ ಎಲ್ಲಾ ಆರಾಮ ಐತಿ, ನೀನೂ ಆರಾಮ ಇರು," ಎಂದಳು ಅಕ್ಕ.

ಆ ಊರಿನ ಆರಾಮು ದೊಡ್ಡದೇ. ಅಲ್ಲಿಯವರು 'ಪರ್ಸೋಂ' ಎಂದರೆ ಮೊನ್ನೆ ಎಂದುಕೊಳ್ಳಬೇಡಿ. ಅದು ಕಳೆದ ವಾರವೂ ಆಗಬಹುದು, ಕಳೆದ ವರ್ಷವೂ ಆಗಬಹುದು. 'ಐದು ನಿಮಿಷ' ಎಂದರೆ ನೀವು ಊಟ ಮುಗಿಸಿ ಒಂದು ನಿದ್ದೆ ಮಾಡಬಹುದು. ಹುಬ್ಬಳ್ಳಿಯಲ್ಲಿ ಚಹಾ ನಿಂತೇ ಕುಡಿದು ಓಡುವವರು ನಾವು. ಇಲ್ಲಿ ಒಂದು ಕಪ್ಪು ಚಹಾದ ಮುಂದೆ ಕುಳಿತವರು ದೇಶದ ಎಲ್ಲ ಸರ್ಕಾರಗಳನ್ನೂ ಉರುಳಿಸಿ ಎಬ್ಬಿಸುತ್ತಾರೆ. ಇದನ್ನೆಲ್ಲ ನಾನು ದೂರುತ್ತಿಲ್ಲ. ಚಹಾ ಚೆನ್ನಾಗಿತ್ತು.

ಬಾಲಾನಗರ

ಬಾಲಾನಗರ ನನಗೆ ಇಳಿದ ಕೂಡಲೇ ಇಷ್ಟವಾದ ಜಾಗ. ರಸ್ತೆಯ ಎರಡೂ ಕಡೆ ಸಣ್ಣ ಸಣ್ಣ ವರ್ಕ್‌ಶಾಪು, ಎಣ್ಣೆಯ ವಾಸನೆ, ಕಬ್ಬಿಣ ಕೊರೆಯುವ ಸದ್ದು. ಬೇರೆಯವರಿಗೆ ತಲೆನೋವು ಬರುತ್ತದೆ, ನನಗೆ ತವರುಮನೆಗೆ ಬಂದ ಹಾಗಾಗುತ್ತದೆ.

ಸಂಸ್ಥೆಯ ಗೇಟಿನಲ್ಲಿ ಆ ಖುಷಿ ಮುಗಿಯಿತು. ಎರಡು ಸಾಲಿನಲ್ಲಿ ಹುಡುಗಿಯರನ್ನು ಬಿಸಿಲಿಗೆ ನಿಲ್ಲಿಸಿದ್ದರು. ಕೈಯಲ್ಲಿ ಹೂವಿನ ಎಸಳು. ಲೇಥಿನ ಹಿಡಿಕೆ ಹಿಡಿಯಬೇಕಾದ ಕೈಗಳಿಂದ ನನ್ನ ತಲೆಗೆ ಹೂವು ಹಾಕಿಸುತ್ತಾರಲ್ಲ ಎಂದು ಮೈ ಉರಿಯಿತು. ಪ್ರಿನ್ಸಿಪಾಲ್ ಪ್ರಸಾದರಾವ್ ಮದುವೆ ಮನೆಯ ಯಜಮಾನನಂತೆ ಓಡಾಡುತ್ತಿದ್ದರು. "ರಂಡಿ ಮೇಡಂ ಗಾರೂ, ರಂಡಿ," ಎಂದು ಕೈಮುಗಿದು ಕರೆದರು. ಬನ್ನಿ ಎನ್ನುವುದನ್ನು ತೆಲುಗಿನವರು ಹಾಗೇ ಹೇಳುವುದೆಂದು ಗೊತ್ತಿತ್ತು. ಗೊತ್ತಿದ್ದರೂ ಒಂದು ಕ್ಷಣ ಗಕ್ಕನೆ ನಿಂತೆ.

ನಮ್ಮ ತಂಡದಲ್ಲಿ ಇಬ್ಬರೇ. ಹಿರಿಯರು ದೇಶಪಾಂಡೆ ಸಾಹೇಬರು, ಬೆಳಗಾವಿ ಮೂಲ, ನಿವೃತ್ತಿಯಾಗಿ ಪುಣೆಯಲ್ಲಿರುವವರು. ಅವರು ಆಗಲೇ ಪೇಟ ಸುತ್ತಿಸಿಕೊಂಡು ವೇದಿಕೆಯ ಮೇಲೆ ಕುಳಿತಿದ್ದರು. ಶಾಲು ಬಂತು, ಹಾರ ಬಂತು, ಫಲಕ ಬಂತು, ಹಣ್ಣಿನ ಬುಟ್ಟಿ ಬಂತು. ಪ್ರಾರ್ಥನೆ, ಸ್ವಾಗತ ಭಾಷಣ, ಸಂಸ್ಥೆ ನಡೆದು ಬಂದ ದಾರಿ. ಈ ರೋಗ ನಮ್ಮಲ್ಲಿ ಇಲ್ಲವೇ? ಇದೆ. ಆದರೆ ನಮ್ಮಲ್ಲಿ ಶಾಲು ಹೊದಿಸಿ ಬಿಟ್ಟುಬಿಡುತ್ತಾರೆ. ಇಲ್ಲಿ ಶಾಲು ಹೊದಿಸಿ ಕಟ್ಟಿಹಾಕುತ್ತಾರೆ. ಪರಿಶೀಲನೆಯ ಹೊತ್ತನ್ನು ಸನ್ಮಾನಕ್ಕೇ ತಿನ್ನಿಸಿ ಮುಗಿಸುವುದು ಅವರ ಲೆಕ್ಕಾಚಾರ. ಮಧ್ಯಾಹ್ನದ ಊಟದ ವಾಸನೆ ಬರತೊಡಗಿದರೂ ನಾನಿನ್ನೂ ಒಂದು ಯಂತ್ರದ ಮುಖವನ್ನೂ ನೋಡಿರಲಿಲ್ಲ.

"ಸಾಹೇಬ್ರ, ವರ್ಕ್‌ಶಾಪ್ ನೋಡೋಣ ಏಳ್ರಿ," ಎಂದೆ.

"ನೋಡೋಣಂತ ಬಿಡ್ರಿ ಬಾಯಾರ. ಮೊದಲ ಈ ಕಾಲಮ್ ತುಂಬಸೂಣು," ಎಂದರು ಸಾಹೇಬರು.

ಪರಿಶೀಲನೆಯ ಫಾರ್ಮಿನ ಆ ಕಾಲಮ್ಮುಗಳನ್ನು ಒಮ್ಮೆ ನೀವು ನೋಡಬೇಕು. ಗೋಡೆಗೆ ಸುಣ್ಣ ಬಣ್ಣ ಆಗಿದೆಯೇ? ಕುಡಿಯುವ ನೀರು ಇದೆಯೇ? ಹಾಜರಿಗೆ ಬೆರಳೊತ್ತುವ ಯಂತ್ರ ಇದೆಯೇ? ಧ್ಯೇಯವಾಕ್ಯವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿದೆಯೇ? ಯಾವ ಹುಡುಗಿಗಾದರೂ ಒಂದು ರಾಡನ್ನು ಅಳತೆಗೆ ತರಲು ಬರುತ್ತದೆಯೇ ಎಂದು ಕೇಳುವ ಸಾಲು ಒಂದೂ ಇಲ್ಲ. ಅಡುಗೆಮನೆಯ ಪಾತ್ರೆಯನ್ನೆಲ್ಲ ಎಣಿಸಿ, ಅನ್ನದ ರುಚಿ ನೋಡದೆ ಎದ್ದು ಹೋದಂತೆ. ಇದಕ್ಕೆ ಖಾತ್ರಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನ ಕೈಗೊಮ್ಮೆ ಲೇಥು ಕೊಡಬೇಕು.

ನಾನೇ ಎದ್ದು ನಡೆದೆ. ವಿಧಿಯಿಲ್ಲದೆ ಎಲ್ಲರೂ ಹಿಂದೆ ಬಂದರು.

ವರ್ಕ್‌ಶಾಪಿನಲ್ಲಿ ಒಂದೇ ಒಂದು ಲೇಥು. ಮೈತುಂಬ ಚೆಂಡುಹೂವಿನ ಮಾಲೆ, ಕುಂಕುಮ, ನಿಂಬೆಹಣ್ಣು. ಆಯುಧಪೂಜೆಗೆ ನಾವೂ ಯಂತ್ರಕ್ಕೆ ಹೂವು ಏರಿಸುತ್ತೇವೆ, ಕೈಮುಗಿಯುತ್ತೇವೆ. ಆದರೆ ಇದು ಯಾವ ಹಬ್ಬ? ಬಗ್ಗಿ ನೋಡಿದೆ. ನೆಲಕ್ಕೆ ಬೋಲ್ಟು ಹಾಕಿ ಬಿಗಿದಿರಲಿಲ್ಲ. ಹೊಸದಾಗಿ ಬಣ್ಣ ಬಳಿದ ನೆಲದ ಮೇಲೆ ಬಾಗಿಲಿನಿಂದ ಎಳೆದು ತಂದ ಗೀರು ಹಸಿಹಸಿ ಇತ್ತು. ಮಾಲೆ ಸರಿಸಿದರೆ, ಯಂತ್ರದ ಪಕ್ಕದಲ್ಲಿ ಯಾವುದೋ ವರ್ಕ್‌ಶಾಪಿನ ಹೆಸರು ಬರೆದಿತ್ತು.

"ಇದು ಯಾವಾಗ ಬಂತು?" ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ.

"ಪರ್ಸೋಂ ಮೇಡಂ," ಎಂದರು ಪ್ರಸಾದರಾವ್. ಈ ಒಂದು ಸಲ ಆ ಮಾತು ಅಕ್ಷರಶಃ ಮೊನ್ನೆಯೇ ಆಗಿತ್ತು.

ಬಾಡಿಗೆ ತಂದ ಲೇಥು. ಪರಿಶೀಲನೆಯ ದಿನ ಪಕ್ಕದ ವರ್ಕ್‌ಶಾಪಿನಿಂದ ಯಂತ್ರ ತಂದು ನಿಲ್ಲಿಸಿ, ತಂಡ ಹೋದ ಮೇಲೆ ವಾಪಸ್ ಕೊಡುವುದು. ಮದುವೆಗೆ ಶಾಮಿಯಾನ ತರಿಸಿದ ಹಾಗೆ!

ನಡೆಸಿ ತೋರಿಸಿ ಎಂದೆ. ಒಬ್ಬ ಬೋಧಕನನ್ನು ಮುಂದೆ ತಳ್ಳಿದರು. ಅವನು ಅಲ್ಲಿ ಕಂಪ್ಯೂಟರ್ ಕಲಿಸುವವನು, ಅಂದಿನ ಮಟ್ಟಿಗೆ ಟರ್ನರ್. ಪಾಪ, ಬೆವರುತ್ತಿದ್ದ. ಸುತ್ತ ಹುಡುಗಿಯರು ಕಾಣಲೆಂದು ಒತ್ತೊತ್ತಿ ನಿಂತರು. ಅವನು ಗುಂಡಿ ಒತ್ತಿದ. ಲೇಥು ಗುಡುಗುಟ್ಟಿ ತಿರುಗಿತು, ಕತ್ತರಿಸುವ ಟೂಲು ರಾಡಿಗೆ ತಾಗಿ ಕಿರ್ರೆಂದು ಚೀರಿತು, ಹೊಗೆ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೇಶಪಾಂಡೆ ಸಾಹೇಬರೂ ತಟ್ಟಿದರು.

ಲೇಥು ಉಲ್ಟಾ ತಿರುಗುತ್ತಿತ್ತು.

ಕರೆಂಟಿನ ಮೂರು ತಂತಿಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಆಗ ಟೂಲು ಕಬ್ಬಿಣವನ್ನು ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ. ಇಂಥ ಹಳೇ ಲೇಥಿನಲ್ಲಿ ರಾಡನ್ನು ಕಚ್ಚಿ ಹಿಡಿಯುವ ಚಕ್ಕು ಡಬ್ಬಿಯ ಮುಚ್ಚಳದಂತೆ ತಿರುಗಿಸಿ ಕೂರಿಸುವಂಥದು. ಉಲ್ಟಾ ತಿರುಗಿದರೆ ಅದು ತಾನೇ ಬಿಚ್ಚಿಕೊಂಡು ಹಾರಬಹುದು. ನಾಲ್ಕು ಜನ ಸೇರಿ ಎತ್ತುವ ಗುಂಡುಕಲ್ಲು ಎಂದುಕೊಳ್ಳಿ. ಅದರ ಎದುರಿಗೆ, ದುಪಟ್ಟಾ ಇಳಿಬಿಟ್ಟು, ಮುಂದಕ್ಕೆ ಬಾಗಿ ಒಬ್ಬ ಹುಡುಗಿ ನಿಂತಿದ್ದಳು.

"ಬಂದ್ ಮಾಡ್ರೀ! ಬಂದ್ ಮಾಡೋ ಹುಚ್ಚಪ್ಪಾ!" ಎಂದು ಕಿರುಚಿ, ಆ ಹುಡುಗಿಯ ರಟ್ಟೆ ಹಿಡಿದು ಹಿಂದಕ್ಕೆಳೆದು, ನಾನೇ ಗುಂಡಿ ಒತ್ತಿ ನಿಲ್ಲಿಸಿದೆ. ಚಪ್ಪಾಳೆ ನಿಂತಿತು.

ಪ್ರಸಾದರಾವ್ ನಗುನಗುತ್ತಲೇ ಬಂದರು. "ಮೇಡಂ ಗಾರೂ ದಣಿದಿದ್ದಾರೆ. ಕಾರು ರೆಡಿ ಇದೆ. ಚಾರ್ಮಿನಾರ್ ನೋಡಿಕೊಂಡು ಬನ್ನಿ, ಅಷ್ಟರಲ್ಲಿ ರಿಪೋರ್ಟು ಟೈಪ್ ಮಾಡಿಸಿಡುತ್ತೇವೆ," ಎಂದರು. ಪರೀಕ್ಷೆ ಬರೆದವರೇ ಮಾರ್ಕ್ಸೂ ಹಾಕಿಕೊಳ್ಳುತ್ತಾರಂತೆ! ನನ್ನನ್ನು ಬಲವಂತದಿಂದ ಕಾರಿನೊಳಗೆ ಕೂರಿಸಿದ್ದೂ ಆಯಿತು, ಗೇಟಿನಲ್ಲಿ ನಾನು ಬಾಗಿಲು ಧಡಾರನೆ ಹಾಕಿ ಇಳಿದದ್ದೂ ಆಯಿತು.

ಅಬಿಡ್ಸ್

ಬಸ್ ಸ್ಟಾಪಿನಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು. "ಮೇಡಂರೀ, ಸ್ವಲ್ಪ ನಿಂದರ್ರಿ." ನಾನು ರಟ್ಟೆ ಹಿಡಿದೆಳೆದ ಹುಡುಗಿ. ಹೆಸರು ಶಿವಲೀಲಾ. ಅವರ ಮನೆಯವರು ಕಲಬುರಗಿ ಕಡೆಯವರು, ಅಪ್ಪ ಅಬಿಡ್ಸ್‌ನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಅವಳು ಅಪ್ಪನಿಗೆ ಡಬ್ಬಿ ಕೊಡಲು ಹೊರಟಿದ್ದಳು. ಮಾತಾಡಬೇಕು ಎಂದಳು, ಅದೇ ಬಸ್ಸು ಹತ್ತಿದೆ. ಅಬಿಡ್ಸ್‌ನ ಒಂದು ಇರಾಣಿ ಹೋಟೆಲಿನಲ್ಲಿ ಇಬ್ಬರೂ ಕುಳಿತೆವು. ನನ್ನ ಜೀವ ಉಳಿಸಿದಿರಿ ಎಂದು ಹೇಳುತ್ತಾಳೆಂದು ನಾನು ಕಾದಿದ್ದೆ. ಸುಳ್ಳೇಕೆ.

"ನೀವು ಸಹಿ ಹಾಕೂದಿಲ್ಲಂತ ಹೌದೇನ್ರಿ?" ಎಂದಳು.

"ಹೌದು. ಹಾಕೂದಿಲ್ಲ."

"ನಿಮಗೇನ್ರಿ, ನೀವು ಸಿಟ್ಟ ಮಾಡ್ಕೊಂಡು ರೈಲ ಹತ್ತಿ ಹೋಗ್ತೀರಿ. ನಾವೇನ್ ಮಾಡಬೇಕು? ಆ ಲೇಥ್ ಐತಲ್ರಿ, ಅದರ ಮಾಲಕ ಜಹಾಂಗೀರ್ ಭಾಯಿ. ಸರ್ಟಿಫಿಕೇಟ್ ತಂದ್ರ ಬರೂ ತಿಂಗಳದಿಂದ ಟರ್ನರ್ ಕೆಲಸ ಕೊಡ್ತೀನಿ ಅಂದಾರ. ನಮ್ಮಪ್ಪಗ ನಾನು ಲೇಥ್ ಮುಂದ ನಿಂದರೂದು ಮೊದಲಿಂದ ಸೇರೂದಿಲ್ಲ. ಸರ್ಟಿಫಿಕೇಟ್ ಬರಲಿಲ್ಲಂದ್ರ ಸುಮ್ನ ಇದ ಅಂಗಡ್ಯಾಗ ಸೀರಿ ಮಡಚಾಕ ಬಾ ಅಂತಾರ. ನಾ ಅಪ್ಪನ ಕೂಡ ವರ್ಷಗಟ್ಲೆ ಜಗಳ ಆಡಿ ಇಲ್ಲಿ ಸೇರೀನ್ರಿ."

"ನಿನಗ ಲೇಥ್ ನಡಸಾಕ ಬರ್ತೈತೇನು?"

"ಚಾರ್ಟ್ ಮ್ಯಾಲೆ ಎಲ್ಲಾ ಭಾಗ ಹೇಳ್ತೀನ್ರಿ."

"ಚಾರ್ಟ್ ಅಲ್ಲ. ಕೈಲೆ."

ಅವಳು ತಲೆ ಬಗ್ಗಿಸಲಿಲ್ಲ. ನೆಟ್ಟಗೆ ನನ್ನನ್ನೇ ನೋಡಿದಳು. "ಕಲಸಿದ್ರ ಬರ್ತಿತ್ತು. ಕಲಸದವ್ರು ಅವ್ರು, ನಪಾಸ್ ಮಾಡೂದು ನಮ್ಮನ್ನ. ಇದ್ಯಾವ ನ್ಯಾಯರಿ?"

ಸಿಟ್ಟು ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯುವುದೇ ಇಲ್ಲ. ನಾನು ಮಾನ್ಯತೆ ಇಲ್ಲ ಎಂದು ಬರೆದರೆ ಪ್ರಸಾದರಾವ್ ಇನ್ನೊಂದು ಬೋರ್ಡು ಬರೆಸಿ ಇನ್ನೊಂದು ಓಣಿಯಲ್ಲಿ ಅಂಗಡಿ ತೆರೆಯುತ್ತಾರೆ. ಸೀರೆ ಮಡಚುವವಳು ಇವಳು. ಇದೆ ಎಂದು ಬರೆದರೆ, ಬರುವ ತಿಂಗಳು ಇವಳು ಓಡುವ ಲೇಥಿನ ಮುಂದೆ ದುಪಟ್ಟಾ ಹಾಕಿಕೊಂಡು ನಿಲ್ಲುತ್ತಾಳೆ. ಮೋಸ ಮಾಡಿದವನಿಗೆ ಎರಡೂ ಕಡೆ ಬೆಣ್ಣೆ, ಮೋಸ ಹೋದವಳಿಗೆ ಎರಡೂ ಕಡೆ ಸುಣ್ಣ.

ಸಂಜೆ ತಾರ್ನಾಕಕ್ಕೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. "ಸಹಿ ಮಾಡಿ ಕೈ ತೊಳಕೋ ತಂಗಿ. ಊರಿಗೆ ಬಂದ ನೀರು, ನೀ ಒಬ್ಬಾಕಿ ಬಾಂದಾರ ಕಟ್ತೀಯೇನು?" ಎಂದಳು. ಅವಳ ಮೇಲೂ ರೇಗಿದೆ. ರೊಟ್ಟಿ ಬಿಟ್ಟು ಎದ್ದೆ. ಆಮೇಲೆ ಹಸಿವಾಗಿ ಮತ್ತೆ ಬಂದು ಕುಳಿತು ತಿಂದೆ.

ಮತ್ತೆ ಬಾಲಾನಗರ

ಮರುದಿನ ಹೋದರೆ ಗೇಟಿನಲ್ಲಿ ಒಂದು ಟೆಂಪೋ. ಲೇಥಿನ ಮಾಲೆ ಕಿತ್ತು, ಹಗ್ಗ ಬಿಗಿದು, ಹಮಾಲರು ಎತ್ತಲು ಸಜ್ಜಾಗಿದ್ದರು. ದೇಶಪಾಂಡೆ ಸಾಹೇಬರು ಸಹಿ ಹಾಕಿ ಬೆಳಗಿನ ರೈಲಿಗೇ ಹೊರಟುಹೋಗಿದ್ದರು. ಪ್ರಸಾದರಾವ್ ಟೈಪ್ ಆದ ರಿಪೋರ್ಟು, ಪೆನ್ನು ಎರಡನ್ನೂ ನನ್ನೆದುರು ಹಿಡಿದರು.

ಆ ಹಗ್ಗ ನೋಡಿದಾಗ ನನಗೆ ಒಂದು ಮಾತು ಹೊಳೆಯಿತು. ಪರಿಶೀಲನೆ ಮುಗಿಯುವವರೆಗೆ ಸಂಸ್ಥೆಯಿಂದ ಒಂದು ಸ್ಕ್ರೂ ಕೂಡ ಹೊರಗೆ ಹೋಗಬಾರದೆಂಬುದು ನಿಯಮ. ಇಬ್ಬರ ಸಹಿಯೂ ಬಿದ್ದರೇ ಪರಿಶೀಲನೆ ಮುಗಿದಂತೆ. ನನ್ನ ಸಹಿ ನನ್ನ ಹತ್ತಿರವೇ ಇದೆ!

"ಹಗ್ಗ ಬಿಚ್ಚಿ. ಪರಿಶೀಲನೆ ಮುಗಿದಿಲ್ಲ," ಎಂದೆ. ಒಂದು ಸ್ಟೂಲು ಎಳೆದುಕೊಂಡು ಲೇಥಿನ ಪಕ್ಕದಲ್ಲೇ ಕುಳಿತೆ.

"ಯಾವಾಗ ಮುಗಿಯುತ್ತೆ ಮೇಡಂ ಗಾರೂ?"

"ಐದು ನಿಮಿಷ," ಎಂದೆ.

ಸ್ವಲ್ಪ ಹೊತ್ತಿಗೆ ಜಹಾಂಗೀರ್ ಭಾಯಿ ಸ್ಕೂಟರ್ ಮೇಲೆ ಬೆಂಕಿ ಉಗುಳುತ್ತ ಬಂದರು. "ಕ್ಯಾ ಮೇಡಂ, ಮೇರಾ ಮಷೀನ್ ಕೈಕು ಪಕಡ್ ಕೇ ಬೈಠೇ? ನನ್ನ ಯಂತ್ರ ಯಾಕೆ ಹಿಡಿದು ಕೂತಿದ್ದೀರಿ, ಅಲ್ಲಿ ನನ್ನ ಕೆಲಸ ನಿಂತಿದೆ!" ಎಂದು ದಖನಿ ಉರ್ದುವಿನಲ್ಲಿ ಕೂಗಾಡಿದರು.

"ನಿಮ್ಮ ಮಷೀನೋ? ಸಂಸ್ಥೆಯದು ಎಂದು ರಿಪೋರ್ಟಿನಲ್ಲಿ ಬರೆದಿದೆಯಲ್ಲ," ಎಂದೆ. ಅವರು ಪ್ರಸಾದರಾವ್ ಮುಖ ನೋಡಿದರು, ಪ್ರಸಾದರಾವ್ ಮೇಲೆ ಫ್ಯಾನು ನೋಡಿದರು.

"ಈ ಹುಡುಗಿಯರಿಗೆ ಕೆಲಸ ಕೊಡುತ್ತೀನಿ ಎಂದಿದ್ದೀರಂತೆ. ಯಂತ್ರ ಮುಟ್ಟದವರನ್ನು ಯಂತ್ರದ ಮುಂದೆ ನಿಲ್ಲಿಸುತ್ತೀರಾ? ನಾಳೆ ಕೈ ಹೋದರೆ ಯಾರು ಹೊಣೆ?" ಎಂದು ಝಾಡಿಸಿದೆ.

"ಅರೇ, ಯಂತ್ರದ ಮುಂದೆ ಯಾರು ನಿಲ್ಲಿಸುತ್ತಾರಮ್ಮ!" ಎಂದರು ಭಾಯಿ, ಮುಚ್ಚುಮರೆಯಿಲ್ಲದೆ. "ದೊಡ್ಡ ಕಂಪನಿಯವರು ಆರ್ಡರ್ ಕೊಡಬೇಕಾದರೆ ಸರ್ಟಿಫಿಕೇಟ್ ಇದ್ದ ಟರ್ನರ್ ಎಷ್ಟು ಜನ ಅಂತ ಕೇಳುತ್ತಾರೆ. ತೋರಿಸೋಕೆ ಬೇಕು. ಇವರಿಗೆ ನಾನು ಕೊಡೋದು ಪ್ಯಾಕಿಂಗ್. ಡಬ್ಬಕ್ಕೆ ಹಾಕೋದು, ಟೇಪು ಹಚ್ಚೋದು. ಪಗಾರ್ ಕೂಡ ಪ್ಯಾಕಿಂಗಿನದೇ."

ಬಾಗಿಲಲ್ಲಿ ಹುಡುಗಿಯರು ನಿಂತು ಎಲ್ಲ ಕೇಳುತ್ತಿದ್ದರು. ಶಿವಲೀಲಾಳ ಮುಖ ಕೆಂಪಾಯಿತು. ನಾನು ಅದುವರೆಗೆ ನನ್ನ ಸಿಟ್ಟೇ ದೊಡ್ಡದೆಂದುಕೊಂಡಿದ್ದೆ. ಅವಳದು ಅದಕ್ಕಿಂತ ದೊಡ್ಡದಿತ್ತು. ಅವಳು ದುಪಟ್ಟಾ ತೆಗೆದು ಕಿಟಕಿಗೆ ಕಟ್ಟಿ, ತೋಳು ಮಡಚಿ, ಸೀದಾ ನನ್ನೆದುರು ಬಂದಳು.

"ಮೇಡಂರೀ, ಇವತ್ತ ಸಹಿ ಹಾಕಬ್ಯಾಡ್ರಿ. ಕಲಸ್ರಿ."

ಹುಬ್ಬಳ್ಳಿಗೆ ಫೋನು ಮಾಡಿ ರಜೆ ಹಾಕಿದೆ. ಆ ವಾರವಿಡೀ ಲೇಥು ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ. ಇದರಿಂದಾಗಿ ಮುಂದೆ ನನ್ನನ್ನು ಯಾವ ತಂಡಕ್ಕೂ ಕರೆಯಲಿಲ್ಲ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಿಪೋರ್ಟಿನಲ್ಲಿ ನಾನು ನನ್ನ ಕೈಯಾರೆ ಬರೆದದ್ದು ಇಷ್ಟು: ಯಂತ್ರ ಬಾಡಿಗೆಯದು, ಬೋಧಕನಿಲ್ಲ, ಮಾನ್ಯತೆ ಬೇಡ, ಈ ಹುಡುಗಿಯರಿಗೆ ಸಂಸ್ಥೆಯ ಖರ್ಚಿನಲ್ಲೇ ಸರ್ಕಾರಿ ಐಟಿಐಯಲ್ಲಿ ಪರೀಕ್ಷೆ ಆಗಲಿ. ಮೇಲಿನವರು ನನ್ನ ಮಾತು ಹಿಡಿದರೋ ಸಾಹೇಬರ ಮಾತು ಹಿಡಿದರೋ, ಇವತ್ತಿನವರೆಗೂ ಒಬ್ಬರೂ ನನಗೆ ಹೇಳಿಲ್ಲ. ಕೇಳಿದರೆ ಫೈಲು ನಡೆಯುತ್ತಿದೆ ಎನ್ನುತ್ತಾರೆ. ನಡೆಯಲಿ, ಅದಕ್ಕೂ ಕಾಲಿದೆಯಲ್ಲ!

ಮೊದಲ ದಿನ ತಂತಿ ಸರಿ ಮಾಡಿಸಿ, ಎರಡನೆಯ ದಿನ ಬರೀ ನಿಲ್ಲಿಸುವುದನ್ನು ಕಲಿಸಿದೆ. ನಡೆಸುವುದಕ್ಕಿಂತ ನಿಲ್ಲಿಸುವುದು ಮುಖ್ಯ. ಆಮೇಲೆ ಒಬ್ಬೊಬ್ಬಳೂ ರಾಡು ಹಿಡಿದಳು. ಭಾಯಿ ದಿನಾ ಬೈಯಲು ಬರುತ್ತಿದ್ದರು. ಬಂದವರು ಬೈಯುತ್ತ ಬೈಯುತ್ತಲೇ, ಟೂಲು ಹಾಗಲ್ಲ ಹೀಗೆ ಕಟ್ಟು ಎಂದು ಕೈ ಹಾಕಿಬಿಡುತ್ತಿದ್ದರು. ಕಬ್ಬಿಣದ ಮಂದಿಗೆ ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ.

ಕೊನೆಯ ದಿನ ಶಿವಲೀಲಾ ತಾನೊಬ್ಬಳೇ ತಿರುಗಿಸಿದ ರಾಡು ತಂದು ನನ್ನ ಕೈಗಿಟ್ಟಳು. ಇನ್ನೂ ಬೆಚ್ಚಗಿತ್ತು. ನೋಡಲು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿದೆ. ಒಂದು ಕಡೆ ಅಳತೆಗಿಂತ ಸಣ್ಣಗಾಗಿತ್ತು. ದಪ್ಪ ಉಳಿದಿದ್ದರೆ ಇನ್ನಷ್ಟು ತೆಗೆಯಬಹುದು. ತೆಗೆದ ಕಬ್ಬಿಣ ಮತ್ತೆ ಅಂಟುವುದಿಲ್ಲ.

"ನಪಾಸ್," ಎಂದೆ.

"ಅಯ್ಯಯ್ಯೋ ಮೇಡಂ ಗಾರೂ! ನಮ್ಮಲ್ಲಿ ಇವತ್ತಿನವರೆಗೆ ಒಬ್ಬರೂ ನಪಾಸಾಗಿಲ್ಲ!" ಎಂದು ಪ್ರಸಾದರಾವ್ ಎದೆ ಹಿಡಿದುಕೊಂಡರು.

ಶಿವಲೀಲಾ ಅವರ ಕಡೆ ತಿರುಗಿಯೂ ನೋಡಲಿಲ್ಲ. ಮೈಕ್ರೋಮೀಟರ್ ನನ್ನ ಕೈಯಿಂದ ಇಸಿದುಕೊಂಡು ತಾನೇ ಅಳೆದಳು. ಆ ತುದಿ, ಈ ತುದಿ, ಮತ್ತೆ ಆ ತುದಿ. "ಹೌದ್ರಿ, ಇಲ್ಲಿ ಹೋತು. ಕೊನಿಗೆ ಗಡಬಡಿ ಮಾಡಿದೆ," ಎಂದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಜಹಾಂಗೀರ್ ಭಾಯಿಗೆ ಹಿಂದಿಯಲ್ಲಿ, "ಭಾಯಿ, ಇನ್ನೊಂದು ರಾಡು ಕೊಡಿ," ಎಂದಳು.

"ನನ್ನ ಮಾಲು ಹಾಳು ಮಾಡೋಕೆ ಇನ್ನೊಂದು ಬೇಕಾ?" ಎಂದು ಭಾಯಿ ಸಿಡುಕಿದರು. ಸಿಡುಕುತ್ತಲೇ ಮೂಲೆಯಿಂದ ಒಂದು ರಾಡು ಆರಿಸಿ, ಬೆಳಕಿಗೆ ಹಿಡಿದು ನೆಟ್ಟಗಿದೆಯೇ ನೋಡಿ, ಅವಳ ಕೈಗೆ ಕೊಟ್ಟರು. "ನೆನಪಿಟ್ಕೋ, ಇದನ್ನು ನಿನ್ನ ಪಗಾರದಲ್ಲಿ ಕಡಿತೀನಿ."

"ಕಡೀರಿ ಭಾಯಿ," ಎಂದಳು ಅವಳು, ರಾಡನ್ನು ಚಕ್ಕಿಗೆ ಕಚ್ಚಿಸಿ ಬಿಗಿಯುತ್ತ. "ಟರ್ನರ್ ಪಗಾರದಲ್ಲಿ ಕಡೀರಿ. ಪ್ಯಾಕಿಂಗ್ ಪಗಾರದಲ್ಲಿ ಅಲ್ಲ."